ದುಬಾರಿ ದುರ್ಬೀನು, ಅಗ್ಗದ ದುರ್ಬೀನು

1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನೊಳಗೆ ನುಗ್ಗಿತು. 105 ದಿನ ನಡೆದ ಆ ಚಳಿಗಾಲದ ಯುದ್ಧದಲ್ಲಿ ಹೆಸರಾದವನು ಸಿಮೊ ಹಾಯ್ಹಾ ಎಂಬ ರೈತ. ಐನೂರಕ್ಕೂ ಹೆಚ್ಚು ಶತ್ರುಗಳನ್ನು ಕೊಂದನೆಂಬ ಲೆಕ್ಕ ಆತನ ಹೆಸರಿನಲ್ಲಿದೆ. ಆ ಸಂಖ್ಯೆಯ ಬಗ್ಗೆ ತಕರಾರುಗಳಿವೆ. ಆತನ ರೈಫಲಿನ ಮೇಲೆ ಸ್ಕೋಪ್ ಇರಲಿಲ್ಲ ಎಂಬುದರ ಬಗ್ಗೆ ಮಾತ್ರ ಇಲ್ಲ.

ಕಾರಣ ಬಡತನವಲ್ಲ. ಸ್ಕೋಪ್ ನಳಿಗೆಗಿಂತ ಮೇಲೆ ಕೂರುತ್ತದೆ, ಅದರಲ್ಲಿ ನೋಡಲು ತಲೆಯನ್ನು ಇನ್ನಷ್ಟು ಎತ್ತಬೇಕು. ಕೊರೆಯುವ ಚಳಿಯಲ್ಲಿ ಗಾಜು ಮಂಜಾಗುತ್ತದೆ. ಬಿಸಿಲು ಬಿದ್ದರೆ ಮಿಂಚಿ, ಅಡಗಿದವನ ಜಾಗ ಹೇಳಿಬಿಡುತ್ತದೆ. ದುಬಾರಿ ಸ್ಕೋಪಿಗೆ ದುಡ್ಡು ಸುರಿಯುವುದು ದಂಡ ಎನ್ನುವವರಿಗೆ ಹಾಯ್ಹಾ ಅಚ್ಚುಮೆಚ್ಚಿನ ಸಾಕ್ಷಿ. ಆದರೆ ಆತ ಕಾದಿದ್ದು ಕಾಡಿನಲ್ಲಿ. ಬಯಲಿನಲ್ಲಿ, ದೂರದಲ್ಲಿ, ಮುಸ್ಸಂಜೆಯಲ್ಲಿ ಬರಿಗಣ್ಣಿನ ಲೆಕ್ಕವೇ ಬೇರೆ.

ಅದೇ ಸೋವಿಯತ್ ಸೇನೆಯ ಬಳಿ 1930ರ ದಶಕದಲ್ಲಿ ಪಿಇ ಎಂಬ ಸ್ಕೋಪ್ ಇತ್ತು. ಜರ್ಮನ್ ಮಾದರಿಯನ್ನು ನೋಡಿ ಮಾಡಿದ್ದು. ಸುಮಾರು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು, ತೂಕ ಸುಮಾರು 600 ಗ್ರಾಂ. ನೋಡುವವನ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಏರ್ಪಾಡೂ ಇತ್ತು. ಆ ಏರ್ಪಾಡಿನ ಸಂದಿಯಲ್ಲೇ ತೇವ ಒಳಹೊಗುತ್ತಿದ್ದುದರಿಂದ ಮುಂದಿನ ಮಾದರಿಯಲ್ಲಿ ಅದನ್ನು ಕೈಬಿಟ್ಟರು. 1942ರಲ್ಲಿ ಹಳೆಯ ಮೋಸಿನ್ ರೈಫಲುಗಳ ಮೇಲೆ ಪಿಯು ಬಂತು. ಉದ್ದ 17 ಸೆಂಟಿಮೀಟರ್, ತೂಕ 270 ಗ್ರಾಂ, ಹಿಗ್ಗಿಸುವುದು ಮೂರೂವರೆ ಪಟ್ಟು. ಗುರಿ ತಿದ್ದಿದಾಗ ಗೆರೆಗಳು ನಡುವಿನಿಂದ ಪಕ್ಕಕ್ಕೆ ಸರಿದು ಕಾಣುತ್ತಿದ್ದವು. ಆದರೆ ಮಾಡುವುದು ಸುಲಭ, ಕೆಡುವುದು ಕಷ್ಟ. ಸ್ಟಾಲಿನ್‌ಗ್ರಾಡಿನ ವಸೀಲಿ ಜೈತ್ಸೆವ್ ಹೆಸರಿನಲ್ಲಿ ಇಂದು ವೋಲ್ಗೊಗ್ರಾಡ್ ಮ್ಯೂಸಿಯಮ್ಮಿನಲ್ಲಿರುವ ರೈಫಲಿನ ಮೇಲಿರುವುದೂ ಪಿಯು.

ಹಾಗೆಂದು ಅಗ್ಗವಾದದ್ದೆಲ್ಲ ಸಾಕು ಎನ್ನುವಂತಿಲ್ಲ. ಜರ್ಮನರು ಲಕ್ಷಕ್ಕೂ ಮೀರಿ ತಯಾರಿಸಿದ ಜೆಡ್‌ಎಫ್-41 ಕೇವಲ ಒಂದೂವರೆ ಪಟ್ಟು ಹಿಗ್ಗಿಸುತ್ತಿತ್ತು. ಕಣ್ಣಿನಿಂದ ದೂರ ಕೂರುತ್ತಿದ್ದುದರಿಂದ ಕಿರಿದಾದ ಕಿಂಡಿಯಲ್ಲಿ ಇಣುಕಿದಂತಾಗುತ್ತಿತ್ತು. ಗುರಿಕಾರರು ನಾಲ್ಕು ಪಟ್ಟಿನ ಬೇಟೆ ಸ್ಕೋಪುಗಳನ್ನೇ ಬಯಸಿದರು. ಇಲ್ಲಿ ಉಳಿಸಿದ ಹಣ ಕೆಲಸವನ್ನೇ ಕೆಡಿಸಿತ್ತು.

ಹಾಗಾದರೆ ಹೆಚ್ಚಿನ ಬೆಲೆ ಏನನ್ನು ಕೊಳ್ಳುತ್ತದೆ? ಮೊದಲನೆಯದು ಬೆಳಕು. ಲೇಪವಿಲ್ಲದ ಗಾಜಿನ ಒಂದೊಂದು ಮೈಯಲ್ಲೂ ಬೆಳಕಿನ ನೂರಕ್ಕೆ ಸುಮಾರು ನಾಲ್ಕು ಪಾಲು ಹಿಂದಿರುಗಿ ಹೋಗುತ್ತದೆ. ಅಂಥ ಹತ್ತು ಮೈಗಳಿದ್ದರೆ ಮೂರರಲ್ಲೊಂದು ಪಾಲು ನಷ್ಟ. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಈ ನಷ್ಟ ತಗ್ಗಿಸುವ ತೆಳು ಲೇಪವನ್ನು ಕಂಡುಹಿಡಿದರು. ನಡುಹಗಲಲ್ಲಿ ಅದರ ಲಾಭ ಅಷ್ಟಾಗಿ ತಿಳಿಯುವುದಿಲ್ಲ. ಹೊತ್ತು ಮುಳುಗುವಾಗಿನ ಕೊನೆಯ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ. ಎರಡನೆಯದು, ನೂರಾರು ಗುಂಡುಗಳ ಒದೆತದ ನಂತರವೂ ಗುರಿ ಕದಲದಿರುವುದು. ಇವೆರಡಕ್ಕೆ ಕೊಟ್ಟ ಹಣ ದಂಡವಲ್ಲ. ಇವು ಕೈಗೆ ಬಂದ ಮೇಲೆ ಬೆಲೆ ದುಪ್ಪಟ್ಟಾದರೂ ಗುರಿ ದುಪ್ಪಟ್ಟು ನೇರವಾಗುವುದಿಲ್ಲ.

ಹಾಯ್ಹಾ 1940ರ ಮಾರ್ಚ್ 6ರಂದು ದವಡೆಗೆ ಗುಂಡು ತಗಲಿಯೂ ಬದುಕಿ, 2002ರಲ್ಲಿ 96ರ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟು ನೇರ ಗುರಿ ಹೇಗೆ ಬಂತೆಂದು ಕೇಳಿದವರಿಗೆ ಆತ ಕೊಟ್ಟ ಉತ್ತರದಲ್ಲಿ ಯಾವ ಸಲಕರಣೆಯ ಹೆಸರೂ ಇರಲಿಲ್ಲ: ಅಭ್ಯಾಸ.