ಪರದೇಶದ ಅತಿಥಿಗಳೂ ನಮ್ಮ ಬಾಳೆಯೆಲೆಯೂ

ದೂರದೇಶದಲ್ಲಿ ಕೆಲಕಾಲ ನೆಲಸಬೇಕಾಗಿ ಬಂದವನಿಗೆ ಮಾತು ತಿಳಿಯದಿದ್ದರೆ ದುಭಾಷಿ ದೊರೆಯುತ್ತಾನೆ. ದಾರಿ ತಿಳಿಯದಿದ್ದರೆ ದಾರಿಕಾರನು ದೊರೆಯುತ್ತಾನೆ. ಊಟದ ವಿಷಯದಲ್ಲಿ ಮಾತ್ರ ಆತನಿಗೆ ಪರರ ನೆರವಿಲ್ಲ. ತನ್ನ ನಾಲಗೆಯನ್ನು ತಾನೇ ಒಗ್ಗಿಸಿಕೊಳ್ಳಬೇಕು. ನಮ್ಮ ನಾಡಿಗೆ ಹಿಂದೆ ಬಂದ ಪ್ರವಾಸಿಗಳು ಕೋಟೆ ಕೊತ್ತಲಗಳನ್ನೂ ರತ್ನದ ಅಂಗಡಿಗಳನ್ನೂ ಆನೆಗಳ ಲಾಯಗಳನ್ನೂ ಕುರಿತು ಬರೆದುದನ್ನು ಚರಿತ್ರಕಾರರು ಬೇಕಾದಷ್ಟು ಉಪಯೋಗಿಸಿಕೊಂಡಿದ್ದಾರೆ. ಅವರು ಇಲ್ಲಿ ಏನನ್ನು ಉಂಡರು, ಯಾರೊಡನೆ ಉಂಡರು, ಯಾರೊಡನೆ ಉಣ್ಣಲಾರದೆ ಹೋದರು ಎಂಬುದನ್ನು ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಮೂವರು ಪ್ರವಾಸಿಗಳ ಬರಹಗಳಿಂದ ಆ ವಿಷಯವನ್ನಿಷ್ಟು ಆಯ್ದು ವಾಚಕರ ಮುಂದಿಡುತ್ತೇನೆ.

ಮೊದಲನೆಯವನು ಇಬ್ನ್ ಬತೂತ. 1304ರಲ್ಲಿ ಮೊರಾಕೋ ದೇಶದ ಟಾಂಜಿಯರಿನಲ್ಲಿ ಹುಟ್ಟಿದ ಈತನು 1342ರ ಆಚೀಚೆಗೆ ನಮ್ಮ ಹೊನ್ನಾವರಕ್ಕೆ ಬಂದನು. ಅಲ್ಲಿ ಆಗ ಜಮಾಲುದ್ದೀನನೆಂಬ ಸುಲ್ತಾನನು ಆಳುತ್ತಿದ್ದನು; ಆದರೂ ಆತನು ಸ್ವತಂತ್ರನಲ್ಲ, ‘ಹರಿಯಬ್’ ಎಂಬ ದೊಡ್ಡ ಅರಸನಿಗೆ ಅಧೀನನೆಂದು ಪ್ರವಾಸಿಯು ಹೇಳುತ್ತಾನೆ. ಈ ಹರಿಯಬನು ವಿಜಯನಗರದ ಮೊದಲನೆಯ ಹರಿಹರನೆಂದು, ಎಂದರೆ ಹರಿಯಪ್ಪನೆಂದು, ವಿದ್ವಾಂಸರು ಗುರುತಿಸಿದ್ದಾರೆ. ಪಟ್ಟಣದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದುವಂತೆ. ಅದು ಹಾಗಿರಲಿ, ಸುಲ್ತಾನನ ಊಟವನ್ನು ನೋಡೋಣ.

ತಾಮ್ರದ ಪೀಠದ ಮೇಲೆ ತಾಮ್ರದ ದೊಡ್ಡ ಹರಿವಾಣವನ್ನಿಡುತ್ತಾರೆ. ಅದನ್ನು ‘ತಾಲಂ’ ಎಂದು ಕರೆಯುವರೆಂದು ಆತನೇ ಬರೆದಿದ್ದಾನೆ. ರೇಷ್ಮೆಯುಟ್ಟ ದಾಸಿಯೊಬ್ಬಳು ಬಂದು ತಾಮ್ರದ ಸಟ್ಟುಗದಿಂದ ಒಂದು ಸಲ ಅನ್ನವನ್ನು ಬಡಿಸಿ, ಅದರ ಮೇಲೆ ತುಪ್ಪವನ್ನೆರೆದು, ಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವು ಇವುಗಳ ಉಪ್ಪಿನಕಾಯಿಗಳನ್ನು ಬಳಿಯಲ್ಲಿಡುವಳು. (ಇಲ್ಲಿ ಮೆಣಸೆಂದರೆ ಬಳ್ಳಿಯ ಕಾಳುಮೆಣಸು, ಮೆಣಸಿನಕಾಯಿಯು ಪೋರ್ಚುಗೀಸರ ಹಡಗುಗಳಲ್ಲಿ ಬರುವುದಕ್ಕೆ ಇನ್ನೂ ಬಹುಕಾಲವಿತ್ತು.) ಆ ಅನ್ನ ಮುಗಿದ ಮೇಲೆ ಎರಡನೆಯ ಸಟ್ಟುಗ, ಅದರೊಡನೆ ಕೋಳಿಯ ಅಡಿಗೆ, ಮತ್ತೊಂದು ಸಟ್ಟುಗ, ಮತ್ತೊಂದು ಬಗೆಯ ಕೋಳಿ, ಅನಂತರ ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ಕಾಯಿಪಲ್ಯ, ಹಾಲಿನ ಭಕ್ಷ್ಯ. ಎಲ್ಲಕ್ಕೂ ಕೊನೆಗೆ ಮೊಸರು ಮಜ್ಜಿಗೆಯ ಜಾತಿಯ ಪದಾರ್ಥ. ಅದು ಬಂದಿತೆಂದರೆ ಇನ್ನು ಬಡಿಸುವುದೇನೂ ಉಳಿದಿಲ್ಲವೆಂದು ತಿಳಿಯಬೇಕಂತೆ. ಆರುನೂರೆಂಬತ್ತು ವರ್ಷಗಳಾಚೆಯ ಈ ಮಾತನ್ನೋದಿದಾಗ ನಮ್ಮ ಮನೆಯ ಪಂಕ್ತಿಯ ಕೊನೆಯಲ್ಲಿ ಮಜ್ಜಿಗೆಯ ಪಾತ್ರೆ ಹೊರಗೆ ಬಂದೊಡನೆ ಮಕ್ಕಳು ಎಲೆ ಮಡಿಚಲು ಸಿದ್ಧರಾಗುವುದು ನೆನಪಿಗೆ ಬಾರದಿರದು. ಊಟವಾದ ಮೇಲೆ ಬಿಸಿನೀರು ಕುಡಿಯುವ ಪದ್ಧತಿಯನ್ನೂ, ಮಳೆಗಾಲದಲ್ಲಿ ತಣ್ಣೀರು ದೇಹಕ್ಕೆ ಆಗದೆಂಬ ಕಾರಣವನ್ನೂ ಆತನು ಬರೆದಿಟ್ಟಿದ್ದಾನೆ.

ಇಷ್ಟು ಸೊಗಸಾಗಿ ವರ್ಣಿಸಿದವನು ಒಡನೆಯೇ ತನ್ನ ಸಂಕಟವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಮತ್ತೊಂದು ಸಲ ಇದೇ ಸುಲ್ತಾನನಲ್ಲಿ ಹನ್ನೊಂದು ತಿಂಗಳಿದ್ದಾಗ ರೊಟ್ಟಿಯ ಮುಖವನ್ನೇ ಕಾಣಲಿಲ್ಲವಂತೆ. ಮಾಲದೀವ, ಸಿಂಹಳ, ಚೋಳಮಂಡಲ, ಮಲಬಾರುಗಳಲ್ಲಿ ಮೂರು ವರ್ಷ ಅನ್ನವೊಂದನ್ನೇ ಉಂಡು ಉಂಡು, ಕೊನೆಕೊನೆಗೆ ತುತ್ತನ್ನು ನೀರಿನೊಡನೆ ನುಂಗಬೇಕಾಯಿತಂತೆ. ಗೋದಿಯ ನಾಡಿನವನ ಈ ಮಾತಿನಲ್ಲಿ ದೂರಿಗಿಂತ ನಿಟ್ಟುಸಿರೇ ಹೆಚ್ಚು. ಉತ್ತರದ ಪಟ್ಟಣಗಳಲ್ಲಿ ಉದ್ಯೋಗಕ್ಕಿದ್ದು ಒಂದು ಹಿಡಿ ಕುಚ್ಚಲಕ್ಕಿಯ ಅನ್ನಕ್ಕಾಗಿ ಹಂಬಲಿಸಿದ ನಮ್ಮ ಕಡೆಯವರು ಈತನನ್ನು ನೋಡಿ ನಗಲಾರರು.

ಹೊನ್ನಾವರದಲ್ಲಿ ಆತಿಥೇಯನೂ ಅತಿಥಿಯೂ ಒಂದೇ ಮತದವರು; ಕೂಡಿ ಉಣ್ಣುವುದಕ್ಕೆ ಅಡ್ಡಿಯಿರಲಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಮಲಬಾರಿನ ದಾರಿ ಹಿಡಿದೊಡನೆ ಬೇರೆ ಚಿತ್ರವು ಕಾಣುತ್ತದೆ. ಅಲ್ಲಿಯ ಹಿಂದುಗಳು ಮುಸಲ್ಮಾನನನ್ನು ಮನೆಯೊಳಕ್ಕೆ ಬಿಡುತ್ತಿರಲಿಲ್ಲ. ತಮ್ಮ ಪಾತ್ರೆಯಲ್ಲಿ ಆತನು ಉಂಡರೆ ಅದನ್ನು ಒಡೆದುಬಿಡುತ್ತಿದ್ದರು, ಇಲ್ಲವೆ ಆತನಿಗೇ ಕೊಟ್ಟುಬಿಡುತ್ತಿದ್ದರು. ಆದರೆ ಮುಸಲ್ಮಾನರ ಮನೆಗಳೇ ಇಲ್ಲದ ಊರಿನಲ್ಲಿ ದಾರಿಗನನ್ನು ಹಸಿದು ಮಲಗಲು ಬಿಡುತ್ತಿರಲಿಲ್ಲವೆಂಬುದನ್ನೂ ಆತನು ಮರೆಯದೆ ಬರೆದಿದ್ದಾನೆ: ಅನ್ನ ಬೇಯಿಸಿ, ಬಾಳೆಯೆಲೆಯ ಮೇಲೆ ಬಡಿಸಿ, ಸಾರನ್ನು ಸುರಿಯುತ್ತಿದ್ದರು, ಉಳಿದುದು ನಾಯಿಗಳಿಗೂ ಹಕ್ಕಿಗಳಿಗೂ ಹೋಗುತ್ತಿತ್ತು. ನಾವು ಮಂಗಳದ ವಸ್ತುವೆಂದು ಬಗೆಯುವ ಬಾಳೆಯೆಲೆಗೆ ಹೀಗೊಂದು ಉಪಯೋಗವೂ ಇತ್ತು. ಒಬ್ಬನು ಉಂಡ ಮೇಲೆ ಎಸೆದುಬಿಡಬಹುದಾದುದರಿಂದ ಅದು ಎಂಥ ಅತಿಥಿಯನ್ನೂ ತಾಳಿಕೊಳ್ಳುತ್ತಿತ್ತು.

ಎರಡನೆಯವನು ಅಬ್ದುರ್ ರಜಾಕ್, ತೈಮೂರನ ಮಗನಾದ ಷಾ ರುಖ್ ಬಾದಶಹನ ರಾಯಭಾರಿ. ಹಿರಾತಿನಲ್ಲಿ 1413ರಲ್ಲಿ ಹುಟ್ಟಿದವನು; 1442ರ ಕೊನೆಯಲ್ಲಿ ಕಲ್ಲಿಕೋಟೆಗೆ ಬಂದಿಳಿದು, 1443ರಲ್ಲಿ ವಿಜಯನಗರವನ್ನು ಸೇರಿ, ಇಮ್ಮಡಿ ದೇವರಾಯನ ದರ್ಶನ ಪಡೆದನು. ಈತನಿಗೆ ಅರಮನೆಯಿಂದ ದಿನದಿನವೂ ಪಡಿ ಸಲ್ಲುತ್ತಿತ್ತು: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಾಹ. ಪಡಿಯಲ್ಲಿ ಬೆಂದ ಅಡಿಗೆಯ ಹೆಸರಿಲ್ಲ. ವಾರಕ್ಕೆರಡು ಸಲ ಸಂಜೆಯಲ್ಲಿ ಅರಸನು ಕರೆಯಿಸಿಕೊಂಡು, ಹಿರಾತಿನ ಸಮಾಚಾರಗಳನ್ನು ಕೇಳಿ, ವೀಳೆಯ, ಪಚ್ಚಕರ್ಪೂರ, ಹಣದ ಚೀಲ ಇವನ್ನು ಕೊಡಿಸುತ್ತಿದ್ದನು. ಹಾಗೊಮ್ಮೆ ದೇವರಾಯನು ದುಭಾಷಿಯ ಮುಖಾಂತರ ಆಡಿದ ಮಾತಿನ ತಾತ್ಪರ್ಯವು ರಾಯಭಾರಿಯ ಗ್ರಂಥದಲ್ಲಿ ಉಳಿದಿದೆ: ನಿಮ್ಮ ಅರಸರು ರಾಯಭಾರಿಗಳನ್ನು ಕರೆದು ಊಟಕ್ಕಿಡುತ್ತಾರೆ, ನಾವೂ ನೀವೂ ಕೂಡಿ ಉಣ್ಣುವಂತಿಲ್ಲವಾದುದರಿಂದ ಈ ಹೊನ್ನಿನ ಚೀಲವೇ ನಾವು ಮಾಡಿಸುವ ಔತಣವೆಂದು ತಿಳಿಯಬೇಕು.

ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಮಾತುಗಳು ಎಷ್ಟೋ ಇವೆ. ಆದರೂ ನನಗೆ ಇದನ್ನು ದಾಟಿ ಮುಂದೆ ಹೋಗುವುದು ಕಷ್ಟವಾಗುತ್ತದೆ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯನಿಗೆ ಒಂದು ಕೊರತೆ ಇದೆಯೆಂದು ತೋರಿತು. ಅದನ್ನು ಆತನು ಮರೆಮಾಡಲಿಲ್ಲ, ಬಾಯಿಬಿಟ್ಟು ಹೇಳಿದನು. ಆದರೆ ಕಟ್ಟನ್ನು ಮುರಿಯಲೂ ಇಲ್ಲ. ಈ ಸಂಕೋಚವು ಒಂದೇ ಪಕ್ಷದ್ದೆಂದು ಭಾವಿಸಬೇಕಾಗಿಲ್ಲ. ಎದುರಿಗಿದ್ದವನಿಗೂ ತನ್ನ ಧರ್ಮದ ಭಕ್ಷ್ಯಾಭಕ್ಷ್ಯ ನಿಯಮಗಳಿದ್ದುವು. ಇಬ್ಬರ ನಡುವೆ ಉಳಿದುದು ವೀಳೆಯವೊಂದೇ. ವೀಳೆಯದ ಗುಣಗಳನ್ನು ರಜಾಕನು ಎಷ್ಟು ಆದರದಿಂದ ಹೊಗಳಿದ್ದಾನೆಂಬುದನ್ನು ನೋಡಿದರೆ, ಆತನ ನಾಲಗೆಗೆ ವಿಜಯನಗರವು ದಕ್ಕಿದುದು ಬಹುಮಟ್ಟಿಗೆ ಅದರಿಂದಲೇ ಎಂದು ತೋರುತ್ತದೆ.

ಮೂರನೆಯವನು ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ. 1614ರಲ್ಲಿ ಇಟಲಿಯನ್ನು ಬಿಟ್ಟು, ತುರ್ಕಿ, ಅರಬ್ಬೀ ದೇಶ, ಪರ್ಷಿಯಾಗಳಲ್ಲಿ ಅಲೆದು, ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿಯ ದೇಹವನ್ನು ಪೆಟ್ಟಿಗೆಯಲ್ಲಿರಿಸಿಕೊಂಡೇ ಇಂಡಿಯಾಕ್ಕೆ ಬಂದ ವಿಚಿತ್ರ ಮನುಷ್ಯನು. 1623ರಲ್ಲಿ ಪೋರ್ಚುಗೀಸರ ರಾಯಭಾರದೊಡನೆ ಇಕ್ಕೇರಿಗೆ ಹೋಗಿ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು, ಅಲ್ಲಿಂದ ಮಂಗಳೂರಿಗಿಳಿದನು. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಮಣೇಲಿಗೆ ಹೋದಾಗ ಆಕೆಯು ಕಾಲ್ನಡೆಯಿಂದ ಹೊರಟು ನೀರಿನ ಕಾಲುವೆಯ ಕೆಲಸವನ್ನು ನೋಡಿಸುತ್ತಿದ್ದಳಂತೆ. ಮುಂದೆ ಅರಮನೆಯಲ್ಲಿ ಆಕೆಯ ಮಗನಾದ ತರುಣ ಅರಸನು ಈತನಿಗೆ ಊಟಮಾಡಿಸಿದನು.

ನೆಲದ ಮೇಲೆ ದೊಡ್ಡದೊಂದು ಬಾಳೆಯೆಲೆಯನ್ನು ಹಾಸಿದರು. ಕ್ರೈಸ್ತನುಂಡ ಪಾತ್ರೆಯನ್ನು ತಾವು ಮತ್ತೆ ಬಳಸುವಂತಿಲ್ಲವಾದುದರಿಂದ ಹೀಗೆಂದು ಆತನು ತಿಳಿದೇ ಇದ್ದನು, ಬೇಸರಪಟ್ಟಂತೆ ತೋರುವುದಿಲ್ಲ. ಎಲೆಯ ಮೇಲೆ ಉಪ್ಪುನೀರಿನಲ್ಲಿ ಬೇಯಿಸಿದ ಅನ್ನದ ರಾಶಿ. ಬದಿಯಲ್ಲಿ ಗರಿಯ ದೊನ್ನೆಯ ತುಂಬ ಕಾಯಿಸಿದ ತುಪ್ಪ. ಸುಲಿದ ಬಾಳೆಯ ಹಣ್ಣು. ಕೆಂಪು ಬಣ್ಣದ ಒಂದು ಸೊಪ್ಪು, ಬಹುಶಃ ನಮ್ಮ ಹರಿವೆ. ಉಪ್ಪಿನಕಾಯಿಗಳು, ಅವುಗಳಲ್ಲಿ ಕಳಲೆಯ ಹೋಳುಗಳು. ರೊಟ್ಟಿಯಿರಲಿಲ್ಲ, ಅಭ್ಯಾಸವಾಗಿ ಹೋಗಿದ್ದುದರಿಂದ ಅದು ಕೊರತೆಯೆನಿಸಲಿಲ್ಲವಂತೆ. ಮೊದಲೇ ತಿಳಿದಿದ್ದರೆ ಬಗೆಬಗೆಯ ಮೇಲೋಗರಗಳನ್ನು ಮಾಡಿಸುತ್ತಿದ್ದೆನೆಂದು ಅರಸನು ಮತ್ತೆ ಮತ್ತೆ ಹೇಳಿ, ಇನ್ನಷ್ಟು ಉಣ್ಣಬೇಕೆಂದು ಉಪಚರಿಸಿದನು. ಇಂಥ ಮಾತು ಇಂದಿಗೂ ನಮ್ಮ ಜಗಲಿಗಳಲ್ಲಿ ಕೇಳಿಬರುವುದೇ. ಆದರೆ ಅರಸನಿಗೆ ಇನ್ನೊಂದು ಎಲೆ ಹಾಕಿದರೆಂದು ಪ್ರವಾಸಿಯು ಬರೆದಿಲ್ಲ.

ತಮ್ಮ ದೇಶದಲ್ಲಿ ಊಟಕ್ಕೆ ಮೇಜು, ಪೀಠ, ವಸ್ತ್ರ, ತಟ್ಟೆ, ಬಟ್ಟಲು ಮೊದಲಾದ ಆಡಂಬರಗಳೆಲ್ಲ ಬೇಕಾದರೂ, ಹೋದ ದೇಶದ ಆಚಾರಕ್ಕೆ ಹೊಂದಿಕೊಳ್ಳುವುದು ಪ್ರವಾಸಿಗೆ ತಕ್ಕುದೆಂದು ದೆಲ್ಲಾ ವಾಲ್ಲೆಯು ಅರಸನಿಗೆ ತಿಳಿಸಿದನು. ನೀರು ಕೇಳಿದಾಗ ಪಾತ್ರೆಯನ್ನು ತುಟಿಗೆ ಸೋಕಿಸದೆ, ಮೇಲಿನಿಂದ ಎತ್ತಿ ಹೊಯ್ದುಕೊಂಡು ಕುಡಿದನು. ಇದನ್ನು ಆತನು ಮೊದಲೇ ಅಭ್ಯಾಸಮಾಡಿದ್ದನು. ಅಭ್ಯಾಸವಿಲ್ಲದ ಸ್ನೇಹಿತರು ಇದೇ ರೀತಿ ಕುಡಿಯಹೋಗಿ ಮೈಯೆಲ್ಲ ನೆನೆಸಿಕೊಂಡು ಕೆಮ್ಮಿ ಬಿಕ್ಕಿ ನಗೆಗೀಡಾದ ಪ್ರಸಂಗವನ್ನು ಬೇರೊಂದು ಕಾಗದದಲ್ಲಿ ವಿನೋದವಾಗಿ ಹೇಳಿದ್ದಾನೆ. ಪರಂಗಿಯವನೊಬ್ಬನು ಇಷ್ಟು ಅಚ್ಚುಕಟ್ಟಾಗಿ ಉಂಡು ಕುಡಿದುದನ್ನು ಕಂಡು ಸುತ್ತ ನಿಂತವರು ಬೆರಗಿನಿಂದ ‘ದೇವರು, ದೇವರು’ ಎಂದು ಉದ್ಗರಿಸಿದರಂತೆ. ಆ ಪದವು ತುಳುವೋ ಕನ್ನಡವೋ, ಇಟಲಿಯ ಲಿಪಿಯಲ್ಲಿ ಹಾಗೆಯೇ ಉಳಿದಿದೆ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪದೇಶವನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ದೇವರೆಂದು ಕರೆಯಿಸಿಕೊಂಡ ಈ ಅತಿಥಿಗೆ ಆ ಮನೆಯ ಒಂದು ಬಟ್ಟಲನ್ನು ಮುಟ್ಟುವ ಹಾಗಿರಲಿಲ್ಲ. ಇದನ್ನು ಅತಿಥಿಸತ್ಕಾರದ ಹಿರಿಮೆಗೆ ಉದಾಹರಣೆಯಾಗಿ ಮಾತ್ರ ಎತ್ತಿಕೊಳ್ಳುವವರು ಎಲೆಯ ವಿಷಯವನ್ನು ಬಿಟ್ಟುಬಿಡುತ್ತಾರೆ. ನಮ್ಮನ್ನು ಹಳಿಯಲೆಂದು ಎತ್ತಿಕೊಳ್ಳುವವರು ಅರಸನ ಉಪಚಾರವನ್ನು ಬಿಟ್ಟುಬಿಡುತ್ತಾರೆ. ಉಂಡವನು ಎರಡನ್ನೂ ಬರೆದಿದ್ದಾನೆ.

ಆ ಬರಹವೆಲ್ಲ ನೇಪಲ್ಸಿನಲ್ಲಿದ್ದ ಮಾರಿಯೋ ಸ್ಕಿಪಾನೋ ಎಂಬ ವೈದ್ಯಮಿತ್ರನಿಗೆ ಹೋದ ಕಾಗದಗಳು. ಮಣೇಲಿನಲ್ಲಿ ಉಣ್ಣದೆ ಉಳಿದ ಮೇಲೋಗರಗಳನ್ನು ಆತನು ‘ಕರಿಲ್’ ಎಂಬ ಹೆಸರಿನಿಂದ ಅಲ್ಲಿ ವರ್ಣಿಸುತ್ತಾನೆ. (1886ರ ಹಾಬ್ಸನ್-ಜಾಬ್ಸನ್ ಕೋಶವು ಈ ರೂಪವನ್ನು ಪೋರ್ಚುಗೀಸರು ಕನ್ನಡದಿಂದ ತೆಗೆದುಕೊಂಡರೆನ್ನುತ್ತದೆ, ನಮ್ಮ ಅಡಿಗೆಮನೆಗಳಲ್ಲಿ ನಾನಂತೂ ಅದನ್ನು ಕೇಳಿಲ್ಲ.) ಬೆಣ್ಣೆ, ತೆಂಗಿನಕಾಯಿಯ ತಿರುಳು, ಏಲಕ್ಕಿ, ಶುಂಠಿ, ಸೊಪ್ಪು, ಹಣ್ಣುಗಳನ್ನು ಕೂಡಿಸಿ ಮಾಡಿದ ರಸವನ್ನು ಅನ್ನದ ಮೇಲೆ ಧಾರಾಳವಾಗಿ ಸುರಿಯಬೇಕು, ಬೇಗ ಬೇಯುತ್ತದೆ, ಸುಲಭವಾಗಿ ಜೀರ್ಣವಾಗುತ್ತದೆ, ಯೂರೋಪಿನ ಹೊಟ್ಟೆಬಾಕರಿಗೆ ವಾತರೋಗವನ್ನು ತರುವ ಅಡಿಗೆಗಳಿಗಿಂತ ಇದು ಎಷ್ಟೋ ಲೇಸು ಎನ್ನುತ್ತಾನೆ. ನೇಪಲ್ಸಿನಲ್ಲಿ ತೆಂಗಿನಕಾಯಿ ದೊರೆಯದೆಂಬುದು ಆತನಿಗೆ ನೆನಪಿತ್ತು. ಅದಕ್ಕಾಗಿ ಬಾದಾಮಿಯ ಹಾಲನ್ನು ಹಾಕಬಹುದೆಂದೂ, ಗುಣದಲ್ಲಿ ಎರಡೂ ಸಮವೆಂದೂ ಸೇರಿಸಿದ್ದಾನೆ.