ವಿದುರಾಶ್ವತ್ಥ: ಗುಂಡು ಹಾರಿಸಿದ್ದು ಯಾರ ಪೊಲೀಸರು?

ಇವತ್ತಿನ ಎಪಿಸೋಡ್ ವಿದುರಾಶ್ವತ್ಥದ ಬಗ್ಗೆ. ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೋಗುವಾಗ ಸಿಗೋ ಊರು. ನಿಮ್ಮಲ್ಲಿ ಕೆಲವರು ಸ್ಕೂಲ್ ಟ್ರಿಪ್‌ನಲ್ಲಿ ಹೋಗಿರ್ತೀರಿ. ದೇವಸ್ಥಾನದ ಸಾಲು ಸಾಲು ನಾಗರಕಲ್ಲು, ಹುತಾತ್ಮರ ಸ್ಮಾರಕದ ಮುಂದೆ ಗ್ರೂಪ್ ಫೋಟೋ, ವೀರಸೌಧದ ಚಿತ್ರಗಳು. ಆಮೇಲೆ ಬಸ್. ನೆನಪಲ್ಲಿ ಉಳಿಯೋದು ಒಂದೇ ಮಾತು: ಇದು ಕರ್ನಾಟಕದ ಜಲಿಯನ್‌ವಾಲಾಬಾಗ್.

ಹೋಲಿಕೆ ತಪ್ಪಲ್ಲ. ಆದರೆ ಅದರಿಂದ ಒಂದು ವಿಷಯ ಮರೆಯಾಗುತ್ತೆ. 1919ರಲ್ಲಿ ಅಮೃತಸರದಲ್ಲಿ ಗುಂಡು ಹಾರಿಸೋಕೆ ಆದೇಶ ಕೊಟ್ಟಿದ್ದು ಬ್ರಿಟಿಷ್ ಸೇನಾಧಿಕಾರಿ ಡಯರ್. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ನಮ್ಮ ಮೈಸೂರು ಸಂಸ್ಥಾನದ ಪೊಲೀಸರು.

ಹೌದು, ಅದೇ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಕನ್ನಂಬಾಡಿ ಕಟ್ಟೆ ಕಟ್ಟಿ, ಕರೆಂಟ್ ಕೊಟ್ಟು, 'ಮಾದರಿ ಸಂಸ್ಥಾನ' ಅನ್ನಿಸಿಕೊಂಡ ರಾಜ್ಯ. ಎಲ್ಲಾ ಕೊಟ್ಟರು, ಅಧಿಕಾರದಲ್ಲಿ ಪಾಲು ಮಾತ್ರ ಕೊಡಲಿಲ್ಲ. ಜನ ಕೇಳಿದ್ದು ಅದನ್ನೇ: ಜವಾಬ್ದಾರಿ ಸರ್ಕಾರ, ಅಂದ್ರೆ ಜನರಿಗೆ ಉತ್ತರ ಕೊಡೋ ಸರ್ಕಾರ. ಆ ಬೇಡಿಕೆಯ ಗುರುತು ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ. ಅದನ್ನು ಹಾರಿಸೋಕೆ ಸಂಸ್ಥಾನದಲ್ಲಿ ನಿರ್ಬಂಧ. ಏಪ್ರಿಲ್ ಎರಡನೇ ವಾರದಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು, ಟಿ. ಸಿದ್ದಲಿಂಗಯ್ಯನವರು ಬಂಧನವಾದರು. ಎರಡು ವಾರದೊಳಗೆ ಅದೇ ಬಾವುಟಕ್ಕಾಗಿ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಕೈಯಲ್ಲಿ ಬಂದೂಕಿರಲಿಲ್ಲ.

ಮ್ಯಾಪ್ ತೆಗೆದು ನೋಡಿ. ಪಕ್ಕದ ಹಿಂದೂಪುರ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಅಂದ್ರೆ ನೇರ ಬ್ರಿಟಿಷ್ ಆಳ್ವಿಕೆ. ಆದರೆ 1937ರ ಚುನಾವಣೆ ಗೆದ್ದು ಅಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಕೂತಿತ್ತು. ಗಡಿಯ ಆ ಕಡೆ ಆ ಬಾವುಟದವರದ್ದೇ ಸರ್ಕಾರ, ಈ ಕಡೆ ಅದೇ ಬಾವುಟಕ್ಕೆ ಗುಂಡು.

ಸತ್ತವರೆಷ್ಟು? ನಾನು ಬಿ.ಕಾಂ. ಓದಿದವನು, ಲೆಕ್ಕ ತಾಳೆಯಾಗದಿದ್ದರೆ ಅಲ್ಲೇ ನಿಲ್ತೀನಿ. ಊರಿನವರ ಲೆಕ್ಕ 30 ದಾಟುತ್ತೆ. ಸರ್ಕಾರ ಒಪ್ಪಿದ್ದು ಅದಕ್ಕಿಂತ ತುಂಬಾ ಕಡಿಮೆ. ನಡುವಿನ ಆ ವ್ಯತ್ಯಾಸ ಬರೀ ಅಂಕಿಯಲ್ಲ. ಅಷ್ಟು ಮನೆಗಳ ಸಾವು ಸರ್ಕಾರಿ ಕಾಗದಕ್ಕೆ ಬರಲೇ ಇಲ್ಲ ಅಂತ ಅರ್ಥ.

ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನರ ಜೊತೆ ಕೂತರು. ಮೇ ತಿಂಗಳಲ್ಲಿ ಮಿರ್ಜಾ-ಪಟೇಲ್ ಒಪ್ಪಂದ ಆಯ್ತು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಅಂತಾಯ್ತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ 1947ರ 'ಮೈಸೂರು ಚಲೋ' ತನಕ ಕಾಯಬೇಕಾಯ್ತು.

ಅಲ್ಲಿಗೆ ಹೋಗೋ ಮಕ್ಕಳಿಗೆ ಇದನ್ನೂ ಹೇಳಬೇಕು. ನಾಲ್ವಡಿಯವರ ಮೇಲಿನ ಗೌರವ ಇದರಿಂದ ಕರಗಿಹೋಗಲ್ಲ. ಒಳ್ಳೆ ಆಡಳಿತ ಅಂತ ಹೆಸರು ಮಾಡಿದ ಸರ್ಕಾರವೂ ಪ್ರಶ್ನೆ ಕೇಳಿದವರ ಮೇಲೆ ಬಂದೂಕು ಎತ್ತಬಹುದು ಅನ್ನೋದು ಗೊತ್ತಾಗುತ್ತೆ. ನಿಮ್ಮ ತಮ್ಮನೋ ತಂಗಿಯೋ ಈ ಸಲ ಟ್ರಿಪ್‌ಗೆ ಹೊರಟರೆ, ಫೋಟೋ ತೆಗೆಸ್ಕೊಳ್ಳೋ ಮೊದಲು ಸ್ಮಾರಕದ ಮೇಲಿರೋ ಹೆಸರುಗಳನ್ನ ಒಂದೊಂದಾಗಿ ಓದೋಕೆ ಹೇಳಿ.