ಬ್ಲೂಸ್ ಎಂಬ ಚೀಟಿ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನಸ್ಸು ಕುಗ್ಗಿದವರನ್ನು ‘ಬ್ಲೂ ಡೆವಿಲ್ಸ್’ ಕಾಡುತ್ತಿದ್ದವು, ಅಂದರೆ ನೀಲಿ ಪಿಶಾಚಿಗಳು. 1798ರಲ್ಲಿ ಜಾರ್ಜ್ ಕೋಲ್ಮನ್ ಅದೇ ಹೆಸರಿನ ಪ್ರಹಸನವನ್ನೂ ಬರೆದ. ಮಾತು ಅಮೆರಿಕಕ್ಕೆ ದಾಟಿತು; ಬಳಕೆಯಲ್ಲಿ ಪಿಶಾಚಿಗಳು ಉದುರಿಹೋಗಿ ‘ಬ್ಲೂಸ್’ ಉಳಿಯಿತು.

ಆ ಹೆಸರು ಒಂದು ಬಗೆಯ ಹಾಡಿಗೂ ಅಂಟಿತು. ಆದರೆ ಮಿಸಿಸಿಪ್ಪಿಯ ಹತ್ತಿ ಸೀಮೆಯ ಕಪ್ಪು ಹಾಡುಗಾರರಿಗೆ ಅದು ಬೇಲಿ ಹಾಕಿದ ಹೊಲವಾಗಿರಲಿಲ್ಲ. ಕುಣಿತದ ಹಾಡು, ದೇವರ ಹಾಡು, ಪೇಟೆಯ ಹಾಡು, ಕೇಳಿದ್ದನ್ನೆಲ್ಲ ಹಾಡುತ್ತಿದ್ದರು. ಬೇಲಿ ಬಂದದ್ದು ಮಾರಾಟದಿಂದ. 1912ರಲ್ಲಿ ಡಬ್ಲ್ಯು.ಸಿ. ಹ್ಯಾಂಡಿ ‘ಮೆಂಫಿಸ್ ಬ್ಲೂಸ್’ ಅಚ್ಚು ಹಾಕಿಸಿದರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಖರ್ಚಾದ ಮೇಲೆ ರೆಕಾರ್ಡ್ ಕಂಪನಿಗಳಿಗೆ ಆ ಚೀಟಿ ಬಲು ಪ್ರಿಯವಾಯಿತು. ಬ್ಲೂಸ್ ಗಾಯಕ ಚಾರ್ಲಿ ಪ್ಯಾಟನ್ ಭಕ್ತಿಗೀತೆ ಹಾಡಿದಾಗ ಕಂಪನಿ ತಟ್ಟೆಯ ಮೇಲೆ ಬೇರೆಯೇ ಹೆಸರು ಹಾಕಿತು: ಎಲ್ಡರ್ ಜೆ.ಜೆ. ಹ್ಯಾಡ್ಲಿ. ಬ್ಲೂಸ್ ಹಾಡುವವನು ದೇವರನ್ನು ನೆನೆಯಬಾರದೇನೋ.

ಇದಕ್ಕಿಂತ ತಮಾಷೆ ನಡೆದದ್ದು ಆ ಪದ ಇಂಗ್ಲೆಂಡಿಗೆ ಮರಳಿದಾಗ. ಷಿಕಾಗೋದಲ್ಲಿ ವಾದ್ಯವೃಂದ ಕಟ್ಟಿಕೊಂಡು ಹಾಡುತ್ತಿದ್ದ ಬಿಗ್ ಬಿಲ್ ಬ್ರೂನ್ಜಿ 1951ರಿಂದ ಯುರೋಪಿನ ವೇದಿಕೆಗಳ ಮೇಲೆ ಒಂಟಿ ಗಿಟಾರ್ ಹಿಡಿದು ಹಳ್ಳಿಗನಂತೆ ನಿಂತರು. ಅಲ್ಲಿನ ರಸಿಕರು ಅದೇ ಅಪ್ಪಟ ಬ್ಲೂಸ್ ಎಂದುಕೊಂಡರು. 1958ರಲ್ಲಿ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಬಂದು ಎಲೆಕ್ಟ್ರಿಕ್ ಗಿಟಾರ್ ಮೊಳಗಿಸಿದಾಗ ಕೆಲವರು ಕಿವಿ ಮುಚ್ಚಿಕೊಂಡರು. ಆಗಲಿ ಎಂದು 1963ರಲ್ಲಿ ಮಡ್ಡಿ ವಿದ್ಯುತ್ ಜೋಡಿಸದ ಗಿಟಾರ್ ತಂದರೆ, ಅಷ್ಟರಲ್ಲಿ ಹುಡುಗರ ರುಚಿ ಬದಲಾಗಿತ್ತು. ಅವರಿಗೀಗ ಆ ಅಬ್ಬರವೇ ಬೇಕಿತ್ತು! ಹಿಂದಿನ ವರ್ಷವಷ್ಟೇ ಲಂಡನ್ನಿನ ಒಂದು ತಂಡ ಮಡ್ಡಿಯ ಹಾಡಿನಿಂದಲೇ ‘ರೋಲಿಂಗ್ ಸ್ಟೋನ್ಸ್’ ಎಂದು ಹೆಸರಿಟ್ಟುಕೊಂಡಿತ್ತು. ಯಾವುದು ಅಸಲಿ ಎಂಬ ತೀರ್ಪು ಸದಾ ಕೇಳುಗನದು. ಹಾಡುವವನು ಗಿಟಾರ್ ಬದಲಿಸುತ್ತಿರಬೇಕು.

ಪದ ಆಫ್ರಿಕಾಕ್ಕೂ ಹೋಯಿತು. ಮಾಲಿ ದೇಶದ ಸಂಗೀತಗಾರ ಅಲಿ ಫರ್ಕಾ ಟೂರೆಯವರನ್ನು ಪಾಶ್ಚಾತ್ಯರು ಅಮೆರಿಕದ ಬ್ಲೂಸ್ ಗಾಯಕ ಜಾನ್ ಲೀ ಹೂಕರ್‌ಗೆ ಹೋಲಿಸಿ ಹೊಗಳುತ್ತಿದ್ದರು. ನೈಜರ್ ನದಿಯ ದಂಡೆಯಲ್ಲಿ ಬೇಸಾಯ ಮಾಡುತ್ತಿದ್ದ ಟೂರೆಗೆ ಆ ಹೊಗಳಿಕೆ ತಲೆಕೆಳಗಾಗಿ ಕಾಣುತ್ತಿತ್ತು: ಹೂಕರ್ ನುಡಿಸುವುದೇ ನಮ್ಮ ಕಡೆಯದು ಎಂಬುದು ಅವರ ವಾದ. ಉತ್ತರ ಮಾಲಿಯ ಮರಳುಗಾಡಿನ ತಂಡ ಟಿನಾರಿವೆನ್ ತನ್ನ ಸಂಗೀತಕ್ಕೆ ‘ಅಸ್ಸೂಫ್’ ಎನ್ನುತ್ತದೆ, ಅಂದರೆ ಹಂಬಲ, ಒಂಟಿತನ. ಯುರೋಪಿನ ಅಂಗಡಿಗಳಲ್ಲಿ ಮಾತ್ರ ಅದು ‘ಡೆಸರ್ಟ್ ಬ್ಲೂಸ್’.